ಕೈಗಡದ ಆಟಗಾರ್ತಿ

ಸೌಜನ್ಯಳನ್ನು ಅಂಕಣಕ್ಕೆ ಇಳಿಸಬೇಕೋ, ಬೆಂಚಿನ ಮೇಲೇ ಬಿಡಬೇಕೋ? ಆ ಭಾನುವಾರ ಕಂಪ್ಲಿಯಲ್ಲಿ ಇದಕ್ಕಿಂತ ಗಹನವಾದ ಪ್ರಶ್ನೆ ಇನ್ನೊಂದಿರಲಿಲ್ಲ. ಹುಡುಗಿಯರ ವಾಲಿಬಾಲ್ ಫೈನಲ್. ವರ್ಷಗಟ್ಟಲೆ ಬೆಂಚಿನ ಮೇಲೆ ಕೂತು, ಹೊರಗೆ ಹೋದ ಚೆಂಡು ಓಡಿ ತರುತ್ತಿದ್ದ ಸೌಜನ್ಯ ಅಕ್ಕಿ ಗಿರಣಿ ಕೊಟ್ರಯ್ಯನ ಮಗಳು. ತಂಡದ ಚೆಂಡು, ಬನಿಯನ್, ಕೋಚ್ ಜಂಬುನಾಥನ ಸಂಬಳ ಎಲ್ಲವೂ ಆ ಗಿರಣಿಯದೇ.

"ನೋಡ್ರಿ ಮಾಸ್ತರ," ಬೆಳಿಗ್ಗೆಯೇ ಬಂದು ಕೊಟ್ರಯ್ಯ ಹೇಳಿದ್ದ, "ನನ್ನ ಮಗಳು ಆಡಬೇಕು, ಗೆದ್ದು ಕಪ್ಪಿನ ಕೂಡ ಫೋಟೋ ತೆಗಿಸ್ಕಬೇಕು. ಎರಡ್ರಾಗ ಒಂದು ತಪ್ಪಿದ್ರೂ ನಾಳಿಂದ ಬ್ಯಾರೆ ಗಿರಣಿ ನೋಡ್ಕಳ್ರಿ."

ಬೆನ್ನಿಗೇ ಬಂದವಳು ದುರ್ಗಕ್ಕ, ತಂಡದ ಹುಲಿ ಪಂಪಾವತಿಯ ತಾಯಿ. "ಆ ಗಿರಣಿ ಹುಡುಗೀನ ಇಳಿಸಿದ್ರ ನನ್ನ ಮಗಳನ್ನ ಮನಿಗೆ ಕರ್ಕಂಡು ಹೊಕ್ಕೀನಿ. ಕಪ್ಪು ನಿಮ್ಮ ಸೀಟಿ ಗೆಲ್ತತೇನು?"

ಒಂದೇ ಹಗ್ಗದಲ್ಲಿ ಎರಡು ಎಮ್ಮೆ ಹಿಡಿದವನಂತೆ ಜಂಬುನಾಥ್ ಮೈದಾನಕ್ಕೆ ಬಂದ.

ಎದುರಾಳಿ ಚೋರನೂರಿನ ತಂಡದಲ್ಲಿ ಆರರ ಬದಲು ಐದೇ ಜನ. "ಒಬ್ಬಾಕಿಗೆ ಜ್ವರ ಬಂದೈತ್ರಿ ಸಾರ್. ನಿಮ್ಮ ಕಡಿಯಾಕಿ ಒಬ್ಬಾಕೀನ ಕೊಡ್ರಿ," ಎಂದಳು ಅವರ ಕೋಚ್ ಕರೆಮ್ಮ. ಊರಾಟಗಳಲ್ಲಿ ಆಳು ಕಡಿಮೆ ಬಿದ್ದ ತಂಡಕ್ಕೆ ಎದುರಿನವರು ಒಬ್ಬರನ್ನು ಕೈಗಡ ಕೊಡುವುದು ರೂಢಿ.

ಜಂಬುನಾಥನ ತಲೆಯೊಳಗೆ ಟ್ಯೂಬ್‌ಲೈಟ್ ಎರಡು ಸಲ ಮಿಣುಕಿ ಹತ್ತಿಕೊಂಡಿತು. ಸೌಜನ್ಯ ಆಡಿದಂತೆಯೂ ಆಯಿತು, ಅವಳು ಆ ಕಡೆ ಇದ್ದಮೇಲೆ ತಾನು ಗೆದ್ದಂತೆಯೂ ಆಯಿತು! ಫೋಟೋಕ್ಕೆ ಕಪ್ಪನ್ನು ಆಮೇಲೆ ಕೈಗೆ ಕೊಟ್ಟರಾಯಿತು.

"ಹೋಗವ್ವ, ನಾಕು ಆಟ ಕಲ್ತಂಗ ಆಕೈತಿ," ಎಂದು ಸೌಜನ್ಯಳನ್ನು ಆ ಕಡೆಗೆ ಕಳಿಸಿದ.

ಮೊದಲ ಸೆಟ್ ಕಂಪ್ಲಿಗೆ. ಎರಡನೆಯದರಲ್ಲಿ ಸೌಜನ್ಯ ಸರ್ವಿಸಿಗೆ ನಿಂತಳು. ಚೆಂಡು ಪಂಪಾವತಿಯ ಎಡಕ್ಕೆ ಬಿತ್ತು. ಮತ್ತೆ ಎಡಕ್ಕೆ. ಮತ್ತೂ ಎಡಕ್ಕೆ. ಹುಲಿ ನೆನೆದ ಬೆಕ್ಕಾಯಿತು. ಜಂಬುನಾಥ್ ತೆರೆದ ಬಾಯಿ ಮುಚ್ಚಲಿಲ್ಲ.

"ಅಯ್ಯೋ ಸಾರ್, ನೀವು ಕೊಟ್ಟಾಕಿನೇ ನಮ್ಮನ್ನ ಬಡಿಯಾಕ ಹತ್ಯಾಳ!" ದುರ್ಗಕ್ಕ ಕಿರುಚಿದಳು.

ಸೆಟ್ ಕಳೆದುಕೊಂಡು ಅಂಕಣ ಬದಲಿಸುವಾಗ ಅವನು ಸೌಜನ್ಯಳನ್ನು ತಡೆದ. "ಏನವ್ವ ಇದು?"

"ಪಂಪಾವತಿ ಎಡಕ್ಕ ಬಗ್ಗಂಗಿಲ್ರಿ ಸಾರ್. ವರ್ಷಗಟ್ಲೆ ಆಕಿ ಬಿಟ್ಟ ಚೆಂಡು ತಂದಾಕಿ ನಾನು."

"ನನಗ್ಯಾಕ ಹೇಳ್ಲಿಲ್ಲ?"

"ನೀವ್ಯಾವಾಗ ಕೇಳಿದ್ರಿ?"

ಮೂರನೆಯ ಸೆಟ್ಟೂ ಎಡಕ್ಕೇ ಹೋಯಿತು. ಕಪ್ಪು ಚೋರನೂರಿಗೆ.

ಕೊಟ್ರಯ್ಯ ಗುಂಪನ್ನು ಸೀಳಿಕೊಂಡು ಬಂದ. ಜಂಬುನಾಥ್ ಕಣ್ಣು ಮುಚ್ಚಿದ. ಕೇಳಿಸಿದ್ದು ನಗು!

"ಹೇಳಿದ್ದೆರಡೂ ಆತು ಮಾಸ್ತರ! ಮಗಳು ಆಡಿದ್ಲು, ಗೆದ್ದು ಫೋಟೋನೂ ತೆಗಿಸ್ಕಂಡ್ಲು!"

ಕೊಟ್ರಯ್ಯನ ಕೈಯಲ್ಲಿ ಶಾಲು. ಜಂಬುನಾಥ್ ವಿನಯದಿಂದ ಕೊರಳು ಬಗ್ಗಿಸಿದ. ಶಾಲು ಅವನ ತಲೆಯ ಮೇಲಿಂದ ಹಾದು, ಹಿಂದೆ ನಿಂತಿದ್ದ ಕರೆಮ್ಮನ ಹೆಗಲೇರಿತು.

"ವರ್ಷಗಟ್ಲೆ ಬೆಂಚಿನ ಮ್ಯಾಲೆ ಕುಂತಾಕೀನ ಒಂದ ತಾಸಿನ್ಯಾಗ ತಯಾರು ಮಾಡಿದ್ರಲ್ಲವ್ವ! ನಮ್ಮ ಗಿರಣಿ ತಂಡಕ್ಕ ನೀವ ಬರ್ರಿ."

ಸೋಮವಾರದಿಂದ ಕರೆಮ್ಮ ಕಂಪ್ಲಿ ತಂಡದ ಕೋಚ್. ಹೊರಗೆ ಹೋದ ಚೆಂಡನ್ನು ಜಂಬುನಾಥ್ ತರುತ್ತಾನೆ.