ಉದ್ಯಮಿಯಾಗಲು ಹೊರಟವಳ ಡಬ್ಬ

ಚಟ್ನಿಪುಡಿ ಮಾಡಲು ಬರುವವಳಿಗೆ ಅದನ್ನು ಮಾರಲು ಬರುವುದಿಲ್ಲವೇ? ಇಷ್ಟೇ ನನ್ನ ಲೆಕ್ಕಾಚಾರವಾಗಿತ್ತು.

ನಮ್ಮ ಕೃಷ್ಣಮೂರ್ತಿಪುರಂ ಬೀದಿಯಲ್ಲಿ ಈಗ ಗೇಟಿಗೊಂದು ಬೋರ್ಡು. ಒಂದು ಮನೆಯಲ್ಲಿ ಕೇಕು, ಇನ್ನೊಂದರಲ್ಲಿ ಸೀರೆಗೆ ಕುಚ್ಚು, ಮೂಲೆಮನೆಯಲ್ಲಿ ಸಿರಿಧಾನ್ಯದ ಹಿಟ್ಟು, ಅದರ ಮಹಡಿಯ ಮೇಲೆ ಯೋಗ. ಮೊದಲೆಲ್ಲ ಸಂಜೆ ಗೇಟಿನ ಹತ್ತಿರ ನಿಂತರೆ ಊರ ಸುದ್ದಿ ಹೇಳುತ್ತಿದ್ದರು. ಈಗ ರೇಟು ಹೇಳುತ್ತಾರೆ! ಎಲ್ಲರೂ ಮಾರುವವರೇ ಆದರೆ ಕೊಳ್ಳುವವರು ಯಾರು ಎಂದು ನಾನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಮಹಿಳಾ ಉದ್ಯಮಿಗಳಿಗೆ ಸರ್ಕಾರದಿಂದ ಉಚಿತ ತರಬೇತಿ ಎಂದು ಫೋನಿಗೆ ಮೆಸೇಜು ಬಂದಿತ್ತು. ಅದರಲ್ಲಿ ವಯಸ್ಸಿನ ಮಿತಿ ಹಾಕಿರಲಿಲ್ಲ. ಅದು ಅವರ ತಪ್ಪು!

"ಈ ವಯಸ್ಸಲ್ಲಿ ನಿಂಗ್ಯಾಕೇ ಇದೆಲ್ಲ?" ಎಂದರು ನಮ್ಮ ಯಜಮಾನರು, ಪೇಪರಿನಿಂದ ತಲೆ ಎತ್ತದೆ.

"ಮದುವೆಯಾದಾಗಿಂದ ಈ ಮನೇಲಿ ದುಡೀತಾನೇ ಇದೀನಿ ಕಣ್ರೀ. ಒಂದ್ಸಲ ಮಾಲೀಕಳಾಗ್ತೀನಿ. ನನ್ನ ಹೆಸರಲ್ಲೂ ಏನಾದ್ರೂ ಇರ್ಲಿ."

"ಡಬ್ಬಗಳೆಲ್ಲ ನಿನ್ನ ಹೆಸರಲ್ಲೇ ಇದಾವಲ್ಲ!"

ನಿಜವೇ. ತವರಿನವರು ಕೊಟ್ಟ ಸ್ಟೀಲ್ ಡಬ್ಬಗಳ ಮೇಲೆಲ್ಲ 'ಜಾನಕಿ' ಎಂದು ಹೆಸರು ಕೊರೆಸಿದ್ದಾರೆ. ನನ್ನ ಸ್ಥಿರಾಸ್ತಿ, ಚರಾಸ್ತಿ ಎಲ್ಲ ಅಷ್ಟೇ.

ಒಬ್ಬಳೇ ಹೋಗಲು ಬೇಸರವೆಂದು ಪಕ್ಕದ ಮನೆಯ ವಿಮಲಮ್ಮನನ್ನೂ ಎಳೆದುಕೊಂಡು ಹೋದೆ. ಇಲವಾಲದ ಹೆಣ್ಣುಮಗಳು, ಹತ್ತು ಮಾತು ಕೇಳಿ ಒಂದು ಮಾತು ಆಡುವ ಪೈಕಿ. ಮಿಕ್ಕ ಒಂಬತ್ತನ್ನು ನಾನೇ ಆಡಿಬಿಡುತ್ತೇನೆ. ತರಬೇತಿಯ ಟೀಚರಮ್ಮನಿಗೆ ನನ್ನ ಮೊಮ್ಮಗಳ ವಯಸ್ಸು.

"ಮೊದ್ಲು ಸ್ಯಾಂಪಲ್ ಹಂಚಿ ಅಜ್ಜಿ, ಜನ ಏನಂತಾರೆ ಕೇಳ್ಕೊಳ್ಳಿ" ಎಂದಳು. "ಕೊನೇ ದಿನ ಅಧಿಕಾರಿಗಳು ಬಂದು ರುಚಿ ನೋಡ್ತಾರೆ. ಯಾರದ್ದು ಮೆಚ್ಕೊಳ್ತಾರೋ ಅವರಿಗೆ ಮಹಿಳಾ ಸಂತೇಲಿ ಒಂದು ಮಳಿಗೆ. ಬಾಡಿಗೆ ಇಲ್ಲ. ಬೋರ್ಡಲ್ಲಿ ನಿಮ್ಮ ಹೆಸರು!"

ಬೋರ್ಡಲ್ಲಿ ನನ್ನ ಹೆಸರು! ಆಮೇಲಿನ ಪಾಠ ಒಂದೂ ನನ್ನ ಕಿವಿಗೆ ಬೀಳಲಿಲ್ಲ.

ಇದ್ದ ಡಬ್ಬಗಳಿಗೆಲ್ಲ ಚಟ್ನಿಪುಡಿ ತುಂಬಿ ಬೀದಿಯ ಮನೆಮನೆಗೂ ಹಂಚಿ ಬಂದೆ. ಮಂಡಿಗಳು ಅಂದೇ ರಾಜೀನಾಮೆ ಕೊಟ್ಟವು. ಕಾಲು ಚಾಚಿ ಕೂತು, ಹೊಸದಾಗಿ ಕಲಿತ ಟೈಪಿಂಗ್ ವಿದ್ಯೆಯನ್ನು ಪ್ರಯೋಗಿಸಿ, ಬೀದಿಯ ಗ್ರೂಪಿಗೆ ಒಂದು ಸಂದೇಶ ಬರೆಯತೊಡಗಿದೆ. ರುಚಿ ನೋಡಿ ಅಭಿಪ್ರಾಯ ತಿಳಿಸಿ, ಡಬ್ಬ ತೊಳೆದು ಕೊಡಿ ಎಂದು ಬರೆಯಬೇಕಿತ್ತು. 'ತ' ಒತ್ತುವಷ್ಟರಲ್ಲಿ ಫೋನು ತಾನೇ ಒಂದು ಪದವನ್ನು ಮುಂದಿಟ್ಟಿತು. ಪಾಪ, ಸಹಾಯಕ್ಕೆ ಬಂದಿದೆ, ಬೇಡ ಎನ್ನಬಾರದು ಎಂದು ಒತ್ತಿ ಕಳಿಸಿಬಿಟ್ಟೆ. ಆಮೇಲೆ ಓದಿದರೆ, 'ಡಬ್ಬ ತುಂಬಿಸಿ ಕೊಡಿ'!

ಮೊದಲೇ ನಮ್ಮ ಕಡೆ ಖಾಲಿ ಡಬ್ಬ ವಾಪಸು ಕೊಡುವ ಪದ್ಧತಿಯಿಲ್ಲ. ಏನಿಲ್ಲವೆಂದರೂ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಲಿಖಿತ ಆದೇಶವೇ ಹೋದ ಮೇಲೆ ಕೇಳಬೇಕೆ? ವಾರದೊಳಗೆ ಡಬ್ಬಗಳೆಲ್ಲ ಬಂದವು. ಎಲ್ಲದರಲ್ಲೂ ಚಟ್ನಿಪುಡಿ. ಅವರವರ ಮನೆಯದು!

ನನ್ನ ಪುಡಿಯ ಬಗ್ಗೆ ಅಭಿಪ್ರಾಯ? ಒಬ್ಬರೂ ಬಾಯಿ ಬಿಡಲಿಲ್ಲ. "ನಮ್ಮನೇದು ಹೆಂಗಿದೆ ಹೇಳಿ ಜಾನಕಮ್ಮ" ಎಂದು ನನ್ನನ್ನೇ ಕೇಳಿದರು. ಮೂರು ಹೊತ್ತೂ ಬೀದಿಯವರ ಖಾರ ತಿಂದು ಯಜಮಾನರ ಹೊಟ್ಟೆ ಉರಿಯತೊಡಗಿತು.

"ಏನೇ, ನಿನ್ನ ಉದ್ಯಮಕ್ಕೆ ನನ್ನ ಮಜ್ಜಿಗೆ ಖರ್ಚನ್ನೂ ಸೇರಿಸ್ಕೊ" ಎಂದರು.

ಕೊನೆಯ ದಿನ ಬಂತು. ಬೆಳಿಗ್ಗೆಯೇ ಎದ್ದು ಹೊಸದಾಗಿ ಹುರಿದು ಮಾಡಿದ ಪುಡಿಯನ್ನು ಒಂದು ಡಬ್ಬಕ್ಕೆ ಹಾಕಿ, ಬೀದಿಯಿಂದ ವಾಪಸು ಬಂದ ಡಬ್ಬಗಳಿದ್ದ ಕಪಾಟಿನಲ್ಲೇ ಇಟ್ಟೆ. ಹೊರಡುವ ಹೊತ್ತಿಗೆ ಕನ್ನಡಕ ನಾಪತ್ತೆ. ಆಚೆ ಆಟೋದವನು ಹಾರನ್ ಹೊಡೆಯುತ್ತಿದ್ದ. ಕಪಾಟಿಗೆ ಕೈ ಹಾಕಿ ಡಬ್ಬವನ್ನು ಬೆರಳಿನಲ್ಲೇ ಸವರಿ ನೋಡಿದೆ. ಜಾನಕಿ! ನನ್ನದೇ! ಎತ್ತಿಕೊಂಡು ಓಡಿದೆ. ಅಲ್ಲಿದ್ದ ಡಬ್ಬಗಳ ಮೇಲೆಲ್ಲ ಜಾನಕಿಯೇ ಇದ್ದಾಳೆಂಬುದು ಒಬ್ಬ ಜವಾಬ್ದಾರಿಯುತ ಉದ್ಯಮಿಗೆ ಹೊಳೆಯಬೇಕಿತ್ತು.

ಅಲ್ಲಿ ಮುಚ್ಚಳ ತೆಗೆದಾಗ ಪುಡಿ ಸ್ವಲ್ಪ ಕಪ್ಪಗೆ ಕಂಡಿತು. ಹುರಿದದ್ದು ಒಂದು ಕೈ ಹೆಚ್ಚಾಗಿರಬೇಕು ಎಂದುಕೊಂಡೆ. ಅಧಿಕಾರಿಗಳು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಮತ್ತೆ ಒಂದು ಚಿಟಿಕೆ. ಆಮೇಲೆ ಚಿಟಿಕೆ ಬಿಟ್ಟು ಚಮಚ ತರಿಸಿದರು!

"ಅಮ್ಮಾ, ಎಷ್ಟೋ ವರ್ಷ ಆಗಿತ್ತು ಇಂಥ ರುಚಿ ನೋಡಿ. ಏನೋ ಒಂದು ಘಮ ಇದೆಯಲ್ಲ, ಅದೇನು?"

ನಾನಾದರೂ ಸುಮ್ಮನಿರಬಾರದಿತ್ತೇ? "ಅದು ನಮ್ಮನೆ ಗುಟ್ಟು ಸ್ವಾಮಿ" ಎಂದೆ ಗಂಭೀರವಾಗಿ. "ನಮ್ಮತ್ತೆ ನನ್ನ ಕಿವೀಲಿ ಮಾತ್ರ ಹೇಳಿ ಕಣ್ಮುಚ್ಚಿದ್ರು."

ಹಿಂದೆ ನಿಂತಿದ್ದ ವಿಮಲಮ್ಮ ಕೈ ಚಾಚಿ ಒಂದು ಚಿಟಿಕೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಆ ದಿನದ ಒಂದೇ ಒಂದು ಮಾತನ್ನು ಆಗಲೇ ಆಡಬೇಕೆ?

"ಅಯ್, ಇದು ನಮ್ಮನೇದು ಕಣ್ರೀ ಜಾನಕಮ್ಮೋರೆ! ಹುಚ್ಚೆಳ್ಳು ಹಾಕಿ ಕುಟ್ಟಿದ್ದು. ತುಂಬಿಸ್ಕೊಡಿ ಅಂದ್ರಲ್ಲ, ತುಂಬಿಸ್ಕೊಟ್ಟೆ."

ಹುಚ್ಚೆಳ್ಳು ಅವರದು, ಹುಚ್ಚು ನನ್ನದು! ಟೀಚರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅಧಿಕಾರಿಗಳು ನನ್ನನ್ನು ನೋಡಿದರು. ನಾನು ಫ್ಯಾನನ್ನು ನೋಡಿದೆ.

ಮಳಿಗೆ ವಿಮಲಮ್ಮನಿಗೆ ಸಿಕ್ಕಿತು. ವಾಪಸು ಬರುವಾಗ ಆಟೋದಲ್ಲಿ ಪಾಪ ಅವರೇ ಅಳುಮುಖ ಮಾಡಿಕೊಂಡಿದ್ದರು. "ನಂಗೆ ಗಿರಾಕಿ ಕೂಗಕ್ಕೆ ಬರಕಿಲ್ಲ ಕಣ್ರೀ. ನೀವೇ ಬಂದು ಕೂತ್ಕಬುಡಿ" ಎಂದರು. ಬೇಡ ಎನ್ನಲು ಬಾಯಿ ತೆರೆದೆ. ಬಾಯಿ ತೆರೆದರೆ ಮಾತು ಬರುತ್ತದಲ್ಲ, ಒಪ್ಪಿಕೊಂಡುಬಿಟ್ಟೆ.

ಸಂತೆಯ ದಿನ 'ವಿಮಲಮ್ಮನವರ ಹುಚ್ಚೆಳ್ಳು ಚಟ್ನಿಪುಡಿ' ಎಂಬ ಬೋರ್ಡಿನ ಕೆಳಗೆ ಕೂತು ಕೂಗಿದೆ. ಮಾಲೀಕಳಾಗಲು ಹೊರಟವಳು ನೌಕರಿಗೆ ಸೇರಿದ್ದೆ. ಉದ್ಯೋಗ ಸೃಷ್ಟಿ ಅಂದರೆ ಇದೇ ಇರಬೇಕು! ಸೊಂಟ ಹಿಡಿಯಿತು, ಗಂಟಲು ಕಟ್ಟಿತು, ಆದರೂ ಪ್ಯಾಕೆಟ್ಟುಗಳು ಹೋಗುತ್ತಲೇ ಇದ್ದವು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಬೀದಿಯ ಮೇಷ್ಟ್ರು ಬಂದರು. ನನ್ನ ಸ್ಯಾಂಪಲ್ ತಿಂದವರಲ್ಲಿ ಅವರೂ ಒಬ್ಬರು. ನನ್ನ ಮುಖ ನೋಡಿದರು, ಒಂದು ಪ್ಯಾಕೆಟ್ಟನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದರು.

"ಜಾನಕಮ್ಮ, ಇದು ನೀವು ಮಾಡಿದ್ದಾ?"

"ಇಲ್ಲ ಮೇಷ್ಟ್ರೇ, ವಿಮಲಮ್ಮ ಮಾಡಿದ್ದು."

"ಸದ್ಯ!" ಎಂದರು. "ಹಂಗಾದ್ರೆ ಎರಡು ಕೊಡಿ."