ಬಚ್ಚಲುಮನೆಗೆ ಬಿದ್ದ ತೆರಿಗೆ

ನಮ್ಮ ಮನೆಗೆ ಯಾರಾದರೂ ಒಂದು ಬಲ್ಬು ಬದಲಾಯಿಸೋಕೆ ಬಂದರೂ ಅದು ಒಂದು ಕಥೆಯಾಗದೆ ಮುಗಿಯುವುದಿಲ್ಲ. ಇದಕ್ಕೆ ಮುಖ್ಯ ಕಾರಣ ನಮ್ಮತ್ತೆ. ವಯಸ್ಸು ಎಪ್ಪತ್ತೆರಡು. ಓದಿದ್ದು ನಾಲ್ಕನೇ ಕ್ಲಾಸು. ಮೂವತ್ತು ವರ್ಷ ಡೈರಿಗೆ ಹಾಲು ಹಾಕಿದವರು. ಹಾಲಿನ ಜಿಡ್ಡಿನ ಅಂಶ ಒಂದು ಪಾಯಿಂಟ್ ಕಡಿಮೆ ಬರೆದರೆ ಕ್ಯಾನು ಅಲ್ಲೇ ಇಟ್ಟು ಇನ್ನೊಂದು ಸಲ ಪರೀಕ್ಷೆ ಮಾಡಿಸುತ್ತಿದ್ದರಂತೆ. ನಾನು ನೆಲಮಂಗಲದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಂ. ಆದರೂ ಈ ಮನೆಯಲ್ಲಿ ಪರ್ಸೆಂಟೇಜು ಯಾರಿಗೆ ಚೆನ್ನಾಗಿ ಬರುತ್ತದೆ ಅನ್ನುವುದು ಹೋದ ವರ್ಷ ತೀರ್ಮಾನವಾಯಿತು.

ಸಿ ಮತ್ತು ಎಸ್

ಅತ್ತೆಗೆ ಮಂಡಿನೋವು ಜಾಸ್ತಿಯಾಗಿ ಕುಕ್ಕರಗಾಲಿನಲ್ಲಿ ಕೂರುವುದು ಆಗುತ್ತಿರಲಿಲ್ಲ. ಬಚ್ಚಲು, ಪಾಯಿಖಾನೆ ಎರಡನ್ನೂ ಒಡೆಸಿ, ಕುರ್ಚಿಯ ಥರದ ಕಮೋಡು, ಹಿಡಿದುಕೊಳ್ಳೋಕೆ ಕಂಬಿ, ಜಾರದ ಟೈಲ್ಸು ಹಾಕಿಸೋಣ ಅಂತಾಯಿತು. ದುಡ್ಡು ಅವರದೇ, ಹಾಲು ಮಾರಿ ಕೂಡಿಟ್ಟಿದ್ದು. ಕೆಲಸ ಒಪ್ಪಿಕೊಂಡ ಕಂಟ್ರಾಕ್ಟರು ನಮ್ಮ ಯಜಮಾನರ ದೂರದ ಸಂಬಂಧಿ. ಎಲ್ಲ ಸೇರಿ ಒಂದೂವರೆ ಲಕ್ಷ ಅಂತ ಮಾತು. ಕೆಲಸ ಮಾತ್ರ ಚೆನ್ನಾಗಿಯೇ ಮಾಡಿದ, ಅದರಲ್ಲಿ ಎರಡು ಮಾತಿಲ್ಲ.

ಕೊನೆಯಲ್ಲಿ ಬಿಲ್ಲು ಬಂತು. ಒಂದೂವರೆ ಲಕ್ಷದ ಕೆಳಗೆ ಸಿಜಿಎಸ್‌ಟಿ ಹದಿಮೂರೂವರೆ ಸಾವಿರ, ಎಸ್‌ಜಿಎಸ್‌ಟಿ ಹದಿಮೂರೂವರೆ ಸಾವಿರ. ಒಟ್ಟು ಇಪ್ಪತ್ತೇಳು ಸಾವಿರ ಮೇಲೆ. ಯಜಮಾನರು ಡಾಬಸ್‌ಪೇಟೆ ಕಡೆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಅಲ್ಲಿ ಇನ್ನೂರು ಜನರನ್ನು ಹೆದರಿಸುತ್ತಾರೆ, ನೆಂಟರನ್ನು ಕಂಡರೆ ತಾವೇ ಹೆದರುತ್ತಾರೆ. ಬಿಲ್ಲನ್ನು ಪೂರ್ತಿ ಓದದೆ ಫೋನಿನಲ್ಲೇ ದುಡ್ಡು ಕಳಿಸಿಬಿಟ್ಟರು.

ಅತ್ತೆ ಬಿಲ್ಲು ತಗೊಂಡು ಜಗಲಿ ಮೇಲೆ ಕೂತು ಕಂಟ್ರಾಕ್ಟರನ್ನು ಕೇಳಿದರು. "ಇದೇನಪ್ಪಾ, ಒಂದೇ ಲೆಕ್ಕ ಎರಡು ಸಲ ಬರ್ದಿದ್ದೀಯ?"

"ಅದು ಜಿಎಸ್‌ಟಿ ದೊಡ್ಡಮ್ಮ. ಎರಡು ಥರ ಇರುತ್ತೆ."

"ಏನು ಎರಡು ಥರ?"

ಅವನು ಬಿಲ್ಲು ನೋಡಿದ, ಆಕಾಶ ನೋಡಿದ, ಬಾಗಿಲಲ್ಲಿ ನಿಂತಿದ್ದ ನನ್ನನ್ನೂ ನೋಡಿದ. ಆಮೇಲೆ, "ಸಿ ಅಂದ್ರೆ ಸಿಮೆಂಟು, ಎಸ್ ಅಂದ್ರೆ ಸ್ಯಾಂಡು" ಅಂದ.

ನನಗೆ ನಗು ತಡೆಯಲಾಗದೆ ಒಳಗೆ ಹೋದೆ. ಅತ್ತೆ ನಗಲಿಲ್ಲ. ಗಂಭೀರವಾಗಿ ಹೇಳಿದರು. "ಮರಳು ನಮ್ದೇ ಅಲ್ವೇನಪ್ಪಾ? ಕೊಟ್ಟಿಗೆ ಕಟ್ಟಿಸ್ದಾಗ ಮಿಕ್ಕಿದ್ದು, ನೀನೇ ಬಾಂಡ್ಲೀಲಿ ಹೊರಿಸ್ದೆ. ಹಂಗಾದ್ರೆ ಎಸ್ ತೆಗ್ದುಬಿಡು."

ಗೋಡೆ ಒಳಗೆ ಬಂದಿದೆ

ಅವನು ಎಸ್ ತೆಗೆಯಲಿಲ್ಲ. "ಸರ್ಕಾರದ ರೂಲ್ಸು ದೊಡ್ಡಮ್ಮ" ಅಂತ ಬೈಕ್ ಹತ್ತಿದ. ಅತ್ತೆ ಮಾರನೇ ದಿನ, "ಸರ್ಕಾರನೇ ಕೇಳಿದ್ರಾಯ್ತು, ನಡಿಯಮ್ಮ" ಅಂತ ಸೀರೆ ಬದಲಾಯಿಸಿ ನಿಂತರು. ತೆರಿಗೆ ಅಂದ ಮೇಲೆ ನಗರಸಭೆ ಅಂತ ಅವರ ಲೆಕ್ಕ. ಅದು ಬೇರೆ ಇಲಾಖೆ ಅಂತ ನಾನು ಹೇಳಿದ್ದು ಅವರ ಕಿವಿಗೆ ಬೀಳಲಿಲ್ಲ.

ಕಂದಾಯದ ಕೌಂಟರಿನಲ್ಲಿದ್ದ ಗುಮಾಸ್ತರು ಸಾವಧಾನದ ಮನುಷ್ಯ. ಅತ್ತೆ ಹೇಳಿದ್ದನ್ನೆಲ್ಲ ಕೇಳಿ, ಅದರಲ್ಲಿ ತಮಗೆ ಬೇಕಾದ ಒಂದೇ ವಿಷಯ ಹಿಡಿದುಕೊಂಡರು.

"ಅಂದ್ರೆ ಮನೆ ರಿಪೇರಿ ಮಾಡಿಸಿದ್ದೀರಿ. ಎಷ್ಟು ಚದರಡಿ ಹೆಚ್ಚಾಯ್ತು ಅಜ್ಜಿ? ಹೆಚ್ಚಾಗಿದ್ರೆ ಕಂದಾಯನೂ ಪರಿಷ್ಕರಣೆ ಆಗ್ಬೇಕಾಗುತ್ತೆ."

ಇದ್ದ ತೆರಿಗೆ ಇಳಿಸೋಕೆ ಬಂದು ಇನ್ನೊಂದು ತೆರಿಗೆ ತಲೆಗೆ ಸುತ್ತಿಕೊಂಡೆವಲ್ಲ ಅಂತ ನಾನು ಅತ್ತೆಯ ಸೆರಗು ಎಳೆದೆ. ಅತ್ತೆ ಮಾತ್ರ ಕೌಂಟರಿನ ಕಂಬಿ ಹಿಡಿದು ಇನ್ನಷ್ಟು ಹತ್ತಿರ ಬಾಗಿದರು.

"ಹೆಚ್ಚಾಗಿಲ್ಲ ಸ್ವಾಮಿ, ಕಡಿಮೆ ಆಗಿದೆ. ಗೋಡೆಗೆಲ್ಲ ಟೈಲ್ಸ್ ಅಂಟಿಸಿ, ನಾಲ್ಕೂ ಕಡೆಯಿಂದ ಒಂದೊಂದು ಇಂಚು ಒಳಗೆ ಬಂದಿದೆ. ಎಷ್ಟು ಇಳಿಸ್ತೀರ ಕಂದಾಯ?"

ಗುಮಾಸ್ತರು ಪೆನ್ನಿಗೆ ಕ್ಯಾಪ್ ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಬಿಲ್ ಮೇಲೆ ಹದಿನೈದು ಅಕ್ಷರದ ಜಿಎಸ್‌ಟಿ ನಂಬರ್ ಇರುತ್ತೆ. ಅದನ್ನ ಫೋನಲ್ಲಿ ಜಿಎಸ್‌ಟಿ ವೆಬ್‌ಸೈಟಿಗೆ ಹಾಕಿ ನೋಡಿ, ಅವರದ್ದು ಎಂಥ ನೋಂದಣಿ ಅಂತ ಬರುತ್ತೆ" ಅಂದರು. ನಾವು ಅಲ್ಲಿಂದ ಬೇಗ ಹೋಗಲಿ ಅಂತ ಹೇಳಿದ್ದರೂ ಹೇಳಿರಬಹುದು, ಆದರೆ ಅದಕ್ಕಿಂತ ಒಳ್ಳೆಯ ಸಲಹೆ ನಮಗೆ ಬೇರೆ ಯಾರೂ ಕೊಡಲಿಲ್ಲ.

ಪ್ರಬಂಧ

ಸಂಜೆ ಮೂವರೂ ಫೋನಿನ ಮುಂದೆ ಕೂತೆವು. ನಂಬರ್ ಹಾಕಿದ ಮೇಲೆ ಅದು ಸೊಟ್ಟಸೊಟ್ಟ ಅಂಕಿಗಳನ್ನು ತೋರಿಸಿ, ಇದನ್ನು ನೋಡಿಕೊಂಡು ಬರೆ ಅಂತು. ನಾನು ಎರಡು ಸಲ ತಪ್ಪು ಬರೆದೆ.

"ಅದ್ಯಾಕೆ ಹಂಗೆ ಸೊಟ್ಟಗೆ ಬರೆದವ್ರೆ?" ಅಂದರು ಅತ್ತೆ.

"ನಾವು ಮನುಷ್ಯರು ಹೌದೋ ಅಲ್ವೋ ಅಂತ ಪರೀಕ್ಷೆ ಮಾಡೋದು ಅತ್ತೆ."

"ಎರಡು ಸಲ ಫೇಲಾದ್ಯಲ್ಲಮ್ಮ. ಕೊಡಿಲ್ಲಿ."

ಡೈರಿ ಸೆಕ್ರೆಟರಿಯ ಕೈಬರಹ ಮೂವತ್ತು ವರ್ಷ ಓದಿದ ಕಣ್ಣು. ಒಂದೇ ಸಲಕ್ಕೆ ಸರಿಯಾಗಿ ಹೇಳಿದರು. ಕಂಟ್ರಾಕ್ಟರನ ಹೆಸರು ಬಂತು. ಕೆಳಗೆ, ಎಂಥ ತೆರಿಗೆದಾರ ಅನ್ನುವ ಜಾಗದಲ್ಲಿ 'ಕಾಂಪೊಸಿಷನ್' ಅಂತಿತ್ತು.

"ಕಾಂಪೊಸಿಷನ್ ಅಂದ್ರೆ ಪ್ರಬಂಧ ಅಲ್ವಾ?" ಅಂದರು ಯಜಮಾನರು.

ನಮ್ಮ ಬೀದಿಯ ಕೊನೆಯಲ್ಲಿ ತೆರಿಗೆ ಲೆಕ್ಕ ಬರೆಯುವವರೊಬ್ಬರಿದ್ದಾರೆ. ಫೋನ್ ಮಾಡಿದೆ. ಅವರು ಒಂದೇ ನಿಮಿಷದಲ್ಲಿ ಬಿಡಿಸಿ ಹೇಳಿದರು. ಸಣ್ಣ ವ್ಯಾಪಾರದವರಿಗೆ ಸರ್ಕಾರ ಒಂದು ಅನುಕೂಲ ಮಾಡಿದೆ, ಅದರ ಹೆಸರೇ ಕಾಂಪೊಸಿಷನ್. ಅವರು ವಹಿವಾಟಿನ ಮೇಲೆ ಒಂದಿಷ್ಟು ತೆರಿಗೆಯನ್ನು ತಮ್ಮ ಜೇಬಿನಿಂದಲೇ ಕಟ್ಟಬೇಕು. ಗಿರಾಕಿಯಿಂದ ಜಿಎಸ್‌ಟಿ ಅಂತ ಒಂದು ಪೈಸೆಯನ್ನೂ ವಸೂಲಿ ಮಾಡುವ ಹಾಗಿಲ್ಲ. ಅಂಗಡಿಯಲ್ಲಿ ಎದ್ದು ಕಾಣುವ ಹಾಗೆ 'ಕಾಂಪೊಸಿಷನ್ ತೆರಿಗೆದಾರ' ಅಂತ ಬೋರ್ಡು ಬೇರೆ ಹಾಕಬೇಕು.

"ಅಂದ್ರೆ ನಮ್ ಇಪ್ಪತ್ತೇಳು ಸಾವಿರ ಸರ್ಕಾರಕ್ಕೂ ಹೋಗಿಲ್ಲ" ಅಂದರು ಅತ್ತೆ. ಅವರ ಮುಖ ಸ್ವಲ್ಪ ಇಳಿಯಿತು. ಅಷ್ಟು ದುಡ್ಡಿಗೆ ಎಷ್ಟು ಬೆಳಗಿನ ಜಾವದ ಹಾಲು ಅಂತ ಲೆಕ್ಕ ಹಾಕುತ್ತಿದ್ದರೋ ಏನೋ.

ಯಜಮಾನರು ಮೆಲ್ಲಗೆ, "ಹೋಗ್ಲಿ ಬಿಡಮ್ಮ, ನಮ್ಮೋನೇ ಅಲ್ವಾ" ಅಂದರು.

"ನಮ್ಮೋನು ಅಂತಾನೇ ಕಣೋ ಅಂಗಡಿಗೆ ಹೋಗಿ ಕೇಳೋದು. ಬೇರೆಯೋನಾಗಿದ್ರೆ ಸ್ಟೇಷನ್ನಿಗೆ ಹೋಗ್ತಿದ್ದೆ. ನೀನು ಬರ್ತೀಯೋ?"

ಯಜಮಾನರು ಆ ವಾರ ಪೂರ್ತಿ ಓವರ್‌ಟೈಮ್ ಹಾಕಿಸಿಕೊಂಡರು.

ಕನ್ನಡಿ

ಗುರುವಾರ ನಾವಿಬ್ಬರೇ ಹೋದೆವು. ಅವನ ಅಂಗಡಿ ಮೇನ್ ರೋಡಿನಲ್ಲಿದೆ. ನಲ್ಲಿ, ಷವರು, ಸಿಂಕು, ಗೋಡೆಗೆ ಒಂದು ದೊಡ್ಡ ಬಾತ್‌ರೂಮ್ ಕನ್ನಡಿ. ಅವನು ಎದ್ದು ನಿಂತು, "ಬನ್ನಿ ದೊಡ್ಡಮ್ಮ, ಬನ್ನಿ ಅಕ್ಕ" ಅಂತ ಕಾಫಿ ಹೇಳಿದ. ನಾನು ಫೋನ್ ತೆಗೆದು ತೋರಿಸಿದೆ. ಅವನು ಕಾಫಿಯನ್ನು ವಾಪಸ್ ಕಳಿಸಲಿಲ್ಲ, ಅಷ್ಟರಮಟ್ಟಿಗೆ ಮರ್ಯಾದಸ್ಥ.

"ಆ ದುಡ್ಡು ಸರ್ಕಾರಕ್ಕೆ ಕಟ್ಟಾಯ್ತಲ್ಲ ಅಕ್ಕ."

"ರಸೀದಿ ತೋರಿಸಪ್ಪ" ಅಂದರು ಅತ್ತೆ.

"ಆಡಿಟರ್ ಹತ್ರ ಇದೆ."

"ಆಡಿಟರು?"

"ಶಿವಗಂಗೆ ಬೆಟ್ಟಕ್ಕೆ ಹೋಗವ್ರೆ."

"ಯಾವತ್ತು ಹೋದ್ರು?"

"ಸೋಮವಾರ."

"ಇವತ್ತು ಗುರುವಾರ. ಹತ್ತಿದೋರು ಇನ್ನೂ ಇಳೀಲಿಲ್ವಾ?"

ಅವನು ನಲ್ಲಿಯೊಂದನ್ನು ಒರೆಸತೊಡಗಿದ. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ನನಗೆ ಪಾಪ ಅನ್ನಿಸಿತು. ಇಷ್ಟಕ್ಕೇ ಎದ್ದು ಹೋಗೋಣ ಅಂತ ಅತ್ತೆಗೆ ಕಣ್ಣಲ್ಲೇ ಹೇಳಿದೆ. ಅವರು ಎದ್ದರು. ಹೊರಡುವ ಮುಂಚೆ ತಲೆ ಸರಿಮಾಡಿಕೊಳ್ಳೋಕೆ ಕನ್ನಡಿ ಮುಂದೆ ನಿಂತರು. ಕನ್ನಡಿ ಒಂದು ಕಡೆ ವಾಲಿತ್ತು. ವಾಲಿದ್ದನ್ನು ನೋಡಿ ಸುಮ್ಮನಿರುವ ಜನ್ಮ ಅವರದಲ್ಲ. ಎರಡೂ ಕೈಯಲ್ಲಿ ಹಿಡಿದು ಸರಿ ಮಾಡೋಕೆ ಹೋದರು, ಕನ್ನಡಿ ಕೊಂಡಿಯಿಂದ ಕಳಚಿ ಕೈಗೇ ಬಂತು. ನಾನು ಓಡಿ ಹೋಗಿ ಇನ್ನೊಂದು ತುದಿ ಹಿಡಿದೆ.

ಹಿಂದೆ ಗೋಡೆ ಮೇಲೆ ಒಂದು ಬೋರ್ಡು. ಹೊಸದು, ಒಂದು ಚೂರೂ ಧೂಳಿಲ್ಲ. 'ಕಾಂಪೊಸಿಷನ್ ತೆರಿಗೆದಾರ.'

ನಾನು ಜೋರಾಗಿ ಓದಿದೆ. ಅತ್ತೆ ಅವನ ಕಡೆ ತಿರುಗಿದರು. "ಎದ್ದು ಕಾಣೋ ಥರ ಹಾಕ್ಬೇಕು ಅಂತ ರೂಲ್ಸಂತೆ. ಕನ್ನಡಿ ಹಿಂದೆ ಹಾಕಿದ್ದೀಯಲ್ಲಪ್ಪ."

ಅವನು ತಲೆ ಕೆರೆದುಕೊಂಡ. "ಇಡೀ ಅಂಗಡೀಲಿ ಜನ ಜಾಸ್ತಿ ನೋಡೋ ಜಾಗ ಅಂದ್ರೆ ಅದೇ ದೊಡ್ಡಮ್ಮ."

ರೈಡು

ಭಾನುವಾರ ಅವನೇ ಮನೆಗೆ ಬಂದ. ತೆರಿಗೆ ಇಲ್ಲದ ಹೊಸ ಬಿಲ್ಲು, ಅರ್ಧ ದುಡ್ಡು. "ಎಲ್ಲರೂ ಹಾಕ್ತಾರೆ ಅಂತ ನಾನೂ ಹಾಕ್ತಿದ್ದೆ ದೊಡ್ಡಮ್ಮ. ತಪ್ಪಾಯ್ತು. ಇನ್ನರ್ಧ ಮುಂದಿನ ತಿಂಗಳು" ಅಂದ. ಅತ್ತೆ ದುಡ್ಡು ಎಣಿಸಿ ಸೆರಗಿಗೆ ಕಟ್ಟಿಕೊಂಡು ಅವನಿಗೆ ಮುದ್ದೆ ಉಪ್ಸಾರು ಬಡಿಸಿದರು. ಇನ್ನರ್ಧ ಹೇಳಿದ ದಿನಕ್ಕೇ ತಂದ. ಆ ದಿನ ಊಟವಾದ ಮೇಲೂ ಏಳದೆ ಕೂತಿದ್ದ.

"ದೊಡ್ಡಮ್ಮ, ಟೈಲ್ಸ್ ಹೋಲ್‌ಸೇಲ್‌ನೋನು ನನಗೇ ಟೋಪಿ ಹಾಕವ್ನೆ. ಮಿಕ್ಕಿದ ಬಾಕ್ಸು ವಾಪಸ್ ಕೊಟ್ಟೆ. ಟೈಲ್ಸ್ ದುಡ್ಡು ಕೊಟ್ಟ, ಅದರ ಮೇಲೆ ನಾನು ಕಟ್ಟಿದ್ದ ಟ್ಯಾಕ್ಸ್ ಮಾತ್ರ ಕೊಡ್ತಿಲ್ಲ. ನೀವೊಂದ್ಸಲ ಬರ್ತೀರಾ?"

ಶನಿವಾರ ಅರ್ಧ ದಿನದ ಸ್ಕೂಲು. ನಾನು ಅಲ್ಲಿಂದಲೇ ಸ್ಕೂಟರಿನಲ್ಲಿ ಅರಿಶಿನಕುಂಟೆ ಕಡೆ ಹೋದೆ. ಕುತ್ತಿಗೆಯಲ್ಲಿ ಸ್ಕೂಲಿನ ಐಡಿ ಕಾರ್ಡು ಹಾಗೇ ಇತ್ತು, ಕೈಯಲ್ಲಿ ಅವನ ಬಿಲ್ಲುಗಳ ಫೈಲು. ಅತ್ತೆ ಅವನ ಬೈಕಿನ ಹಿಂದೆ ಒಂದು ಕಡೆಗೆ ಕಾಲು ಹಾಕಿ ಕೂತು ಬಂದರು. ಅಂಗಡಿ ಬಾಗಿಲಲ್ಲಿ ಕಂಟ್ರಾಕ್ಟರನ ಧೈರ್ಯ ಕುಸಿಯಿತು. ನಮ್ಮ ಹಿಂದೆ ನಿಂತ. ಅತ್ತೆ ನೇರ ಟೇಬಲ್ಲಿಗೇ ಹೋದರು.

"ಬಿಲ್ ಬುಕ್ ತೆಗೀರಿ, ನೋಡ್ಬೇಕು."

ಮಾಲೀಕರು ಅತ್ತೆಯನ್ನು ನೋಡಿದರು, ಫೈಲು ನೋಡಿದರು, ಐಡಿ ಕಾರ್ಡು ನೋಡಿದರು. ನಿಧಾನಕ್ಕೆ ಎದ್ದು ನಿಂತು ತಗ್ಗಿದ ದನಿಯಲ್ಲಿ ಕೇಳಿದರು. "ಮೇಡಂ, ರೈಡಾ?"

ನನ್ನ ಮಗಳು ಗೆಳತಿಯರ ಜೊತೆ ಬೈಕಿನಲ್ಲಿ ಮಾಕಳಿದುರ್ಗಕ್ಕೆ ಹೋಗೋದಕ್ಕೆ ರೈಡು ಅಂತಾಳೆ. ಅತ್ತೆಗೆ ಗೊತ್ತಿದ್ದ ರೈಡು ಅದೊಂದೇ.

"ಹೂಂ ಕಣಪ್ಪ, ರೈಡೇ" ಅಂದರು. "ಇವನೇ ಕರ್ಕೊಂಡ್ಬಂದಿದ್ದು."

ಮಾಲೀಕರು ಕಂಟ್ರಾಕ್ಟರನ್ನು ನೋಡಿದ ನೋಟಕ್ಕೆ ಟೈಲ್ಸು ಬಿರುಕು ಬಿಡಬೇಕಿತ್ತು. ಕುರ್ಚಿ ಬಂತು, ಫ್ಯಾನು ತಿರುಗಿತು, ಎಳನೀರು ಬಂತು. ನನಗೆ ಭಯವಾಗಿ, "ಸರ್, ನಾವು ಇಲಾಖೆಯವರಲ್ಲ, ನಾನು ಸ್ಕೂಲ್ ಟೀಚರು" ಅಂದೆ.

"ಗೊತ್ತು ಮೇಡಂ" ಅಂದರು ಅವರು, ಅರ್ಥವಾದವರ ಹಾಗೆ ತಲೆಯಾಡಿಸುತ್ತಾ. "ನೀವು ಹೇಳೋ ಹಾಗಿಲ್ಲ. ನಾನು ಕೇಳೋದೂ ಇಲ್ಲ."

ವಾಪಸ್ ಮಾಡಿದ ಬಾಕ್ಸುಗಳಿಗೆ ಹತ್ತು ನಿಮಿಷದಲ್ಲಿ ಕ್ರೆಡಿಟ್ ನೋಟು, ಅಂದರೆ ದುಡ್ಡು ವಾಪಸಿನ ಚೀಟಿ, ತಯಾರಾಯಿತು, ತೆರಿಗೆ ಸಮೇತ. ಕಂಟ್ರಾಕ್ಟರು ಅದನ್ನು ಪ್ರಸಾದದ ಹಾಗೆ ಎರಡೂ ಕೈಯಲ್ಲಿ ತಗೊಂಡ. ನಾವು ಏಳುವಾಗ ಮಾಲೀಕರು ಕೇಳಿದರು. "ಇಲ್ಲಿಂದ ಎಲ್ಲಿಗೆ ಅಮ್ಮಾ?"

"ಇದೇ ರಸ್ತೇಲಿ ಇನ್ನೊಂದು ನಾಲ್ಕು ಅಂಗಡಿ ನೋಡ್ಕೊಂಡು ಹೋಗ್ತೀವಿ" ಅಂದರು ಅತ್ತೆ.

ಅವರಿಗೆ ಬೇಕಾಗಿದ್ದು ಬಚ್ಚಲಿಗೆ ಒಂದು ಸೋಪಿನ ಸ್ಟ್ಯಾಂಡು. ನಾವು ಮೆಟ್ಟಿಲು ಇಳಿಯುವಷ್ಟರಲ್ಲಿ ಒಳಗೆ ಮಾಲೀಕರು ಫೋನ್ ಎತ್ತಿದ್ದು ಕಂಡಿತು. ಪಕ್ಕದ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಷಟರು ಅರ್ಧ ಇಳಿದಿತ್ತು, ನಾವು ನೋಡುತ್ತಿದ್ದಂತೆ ಪೂರ್ತಿ ಇಳಿಯಿತು. ಅದರಾಚೆ ಪೇಂಟ್ ಅಂಗಡಿ, ಪೈಪಿನ ಅಂಗಡಿ, ಗ್ರಾನೈಟ್ ಅಂಗಡಿ. ಒಂದರ ಹಿಂದೆ ಒಂದು ಕರಕರ ಅಂತ ಬಾಗಿಲು ಬಿತ್ತು. ಅಂಗಡಿ ಬಾಗಿಲು ಹಾಕಿದ್ದ ಒಬ್ಬರು ನಮಗೆ ದೂರದಿಂದಲೇ ನಮಸ್ಕಾರ ಮಾಡಿ ಆಟೋ ಹತ್ತಿದರು.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ರಸ್ತೆಯ ಉದ್ದಕ್ಕೂ ನೋಡಿದರು.

"ನಡು ಮಧ್ಯಾಹ್ನಕ್ಕೇ ಹಿಂಗೆ ಬಾಗ್ಲು ಹಾಕ್ಕೊಂಡು ಹೋದ್ರೆ, ಇವ್ರು ಸರ್ಕಾರಕ್ಕೆ ಅದೆಲ್ಲಿಂದ ತೆರಿಗೆ ಕಟ್ತಾರಮ್ಮ?"