ಮಾವನ ಗಾಡಿ, ಅತ್ತೆಯ ಬೆನ್ನು

ನಮ್ಮ ಸೋದರಮಾವನಿಗೆ ಮುಖ ಇದೆ ಎಂಬುದೇ ಮಧುಗಿರಿಯಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ! ಮನೆಗೆ ಯಾರು ಬಂದರೂ ಅವರಿಗೆ ಕಾಣುತ್ತಿದ್ದದ್ದು ಮಾವನ ಎರಡು ಪಾದ. ಉಳಿದ ಭಾಗವೆಲ್ಲ ಅಂಗಳದಲ್ಲಿ ನಿಂತ ಗಾಡಿಯ ಅಡಿಯಲ್ಲಿ. ಬಂದವರು ಆ ಪಾದಗಳಿಗೇ ನಮಸ್ಕಾರ ಹೇಳಿ, ಅವುಗಳನ್ನೇ ಮಾತಾಡಿಸಿ, ಕಾಫಿ ಕುಡಿದು ಹೋಗುತ್ತಿದ್ದರು. ಪೋಸ್ಟ್‌ಮ್ಯಾನ್ ಅಂತೂ ಕಾಗದವನ್ನು ಹೆಬ್ಬೆರಳ ಸಂದಿಗೆ ಸಿಕ್ಕಿಸಿ ಮುಂದಿನ ಮನೆಗೆ ಹೊರಟುಬಿಡುತ್ತಿದ್ದ.

ಎಪ್ಪತ್ತರ ದಶಕದ ಕೊನೆಯ ಮಾತು. ನನಗೆ ಅಲ್ಲಿನ ಕೋರ್ಟಿನಲ್ಲಿ ಗುಮಾಸ್ತೆ ಕೆಲಸ; ಊಟ, ವಾಸ ಎಲ್ಲ ಮಾವನ ಮನೆಯಲ್ಲಿ. ಮಾವ ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದು ನಿವೃತ್ತರಾದವರು. ಊರವರ ಬಾಯಲ್ಲಿ ಮಾತ್ರ 'ಡಾಕ್ಟ್ರು'. ಗಾಡಿ ಅವರಿಗೆ ಹರಾಜಿನಲ್ಲಿ ಸಿಕ್ಕಿದ್ದು. ಯಾರೋ ಪರದೇಶದ ಇಂಜಿನಿಯರು ಓಡಿಸಿ ಬಿಟ್ಟುಹೋದದ್ದಂತೆ. ನಾಲ್ಕು ಚಕ್ರಕ್ಕೂ ಇಂಜಿನ್ನಿನ ಬಲ ಸಿಗುವಂಥದ್ದು, ಹಳ್ಳ ಕೊಳ್ಳಕ್ಕೆ ಅಂಜುವುದಲ್ಲ. ಒಳಗೆ ದಪ್ಪ ಚರ್ಮದ ಸೀಟು, ಮುಂದೆ ಹೊಳೆಯುವ ಮರದ ಹಲಗೆ, ಒತ್ತಿದರೆ ಕೆಂಪಗೆ ಕಾದು ಬರುವ ಸಿಗರೇಟು ಲೈಟರು. ಮಾವ ಸಿಗರೇಟು ಸೇದುವವರಲ್ಲ. ಶುಕ್ರವಾರ ಗಾಡಿಗೆ ಪೂಜೆ ಮಾಡುವಾಗ ಅದರಲ್ಲೇ ಊದುಬತ್ತಿ ಹಚ್ಚುತ್ತಿದ್ದರು!

ಇಂಥ ದೊರೆಗಳ ಗಾಡಿ ಇವರಿಗೇಕೆ ಎಂದಿರಾ? ಕಾರಣ ಅತ್ತೆ. ಅತ್ತೆಯ ತವರು ಪಾವಗಡ ತಾಲ್ಲೂಕು, ಬಲಸಮುದ್ರದಿಂದ ಆಚೆ. ಬಸ್ಸಿಳಿದು, ಮರಳಿನ ಹಳ್ಳ ದಾಟಿ, ಎತ್ತಿನ ಗಾಡಿಯಲ್ಲಿ ಹೋಗಬೇಕು. ಅತ್ತೆ ಅಟ್ಟದ ಏಣಿಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದ ಮೇಲೆ, ಕುಲುಕಾಟ ಕೂಡದೆಂದು ಡಾಕ್ಟರು ಹೇಳಿದ್ದರು (ಇವರು ಮನುಷ್ಯರ ಡಾಕ್ಟರು). ಅತ್ತ ತವರಿನಲ್ಲಿ ಅತ್ತೆಯ ತಾಯಿಗೆ ಎರಡು ಕಣ್ಣಿಗೂ ಪೊರೆ ಬೆಳೆಯುತ್ತಿತ್ತು. ಆಪರೇಷನ್ ಎಂದರೆ ಮುದುಕಿ ಬಾಗಿಲು ಹಾಕಿಕೊಳ್ಳುವರು. "ನಮ್ಮಮ್ಮಂಗೆ ನನ್ ಮುಖ ಕಾಣೋವಾಗ್ಲೇ ಒಂದ್ಸಲ ಹೋಗ್ಬರ್ಬೇಕು ಕಣಪ್ಪಾ" ಎಂದು ಅತ್ತೆ ದಿನಕ್ಕೊಮ್ಮೆ ನನ್ನೆದುರು ಹೇಳುವರು. ಹೇಳುವುದು ನನಗೆ, ಕೇಳಿಸಬೇಕಾದದ್ದು ಗಾಡಿಯ ಅಡಿಗೆ. "ಇನ್ನೊಂದ್ ವಾರ ತಡಿ" ಎಂದು ಪಾದಗಳು ಉತ್ತರಿಸುವುವು. ಆ ಒಂದು ವಾರ ಎರಡು ವರ್ಷದಿಂದ ನಡೆದಿತ್ತು.

ಮಾವನಿಗೆ ಗೊತ್ತಿದ್ದದ್ದು ದನದ ವೈದ್ಯ. ಅದನ್ನೇ ಗಾಡಿಗೂ ಮಾಡುತ್ತಿದ್ದರು. ಇಂಜಿನ್ನಿಗೆ ಸ್ಟೆತೊಸ್ಕೋಪು ಹಚ್ಚಿ ಕಣ್ಣು ಮುಚ್ಚಿಕೊಂಡು ಕೇಳುವರು. ಹೊಗೆಯ ಬಣ್ಣ ನೋಡಿ "ಅಜೀರ್ಣ" ಎನ್ನುವರು. ಆಯಿಲ್ ಹೊಯ್ಯಲು ದನಗಳಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ! ಇನ್ನು ಸೋಮವಾರದ ಕಥೆ ಕೇಳಿ. ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ, ಅದು ಬಸವಣ್ಣನ ದಿನ. ಮಾವ ಆ ರಜೆಯನ್ನು ಗಾಡಿಗೂ ಕೊಟ್ಟಿದ್ದರು. ಅಂದು ಕೀಲಿ ತಿರುಗಿಸುವ ಹಾಗಿಲ್ಲ, ಸ್ಪ್ಯಾನರ್ ಸೋಕಿಸುವ ಹಾಗಿಲ್ಲ.

"ಇದಕ್ಕೆ ಬಾಲ ಎಲ್ಲಿದೆ ಮಾವ?" ಎಂದು ಛೇಡಿಸಿದೆ.

"ಬಾಲ ಇದ್ದೋರ್ಗೆ ಮಾತ್ರ ಸುಸ್ತಾಗ್ತೈತೇನ್ಲಾ? ಅಂಗಾದ್ರೆ ಭಾನುವಾರ ನೀನ್ಯಾಕ್ಲಾ ಮಧ್ಯಾಹ್ನದ ಗಂಟ ಬಿದ್ಕಂಡಿರ್ತೀಯಾ?"



ಕೊನೆಗೆ ಅತ್ತೆಯೇ ಸಿರಾದಿಂದ ಮೆಕ್ಯಾನಿಕ್ ಸಾಬರೊಬ್ಬರನ್ನು ಹೇಳಿ ಕರೆಸಿದರು. ಅವರು ಗಾಡಿಯನ್ನೆಲ್ಲ ತಡವಿ, ಓಡಿಸಿ ನೋಡಿ, "ಅರೇ ಡಾಕ್ಟ್ರೇ, ಗಾಡಿ ಬಿಲ್ಕುಲ್ ಚೆನ್ನಾಗೈತೆ. ಅಮ್ಮಾವ್ರನ್ನ ಕೂರಿಸ್ಕೊಂಡು ನಾಳೇನೇ ಹೊಂಟ್ಬುಡಿ" ಎಂದರು. ಮಾವ ಬಚ್ಚಲಿನಿಂದ ನೀರು ತುಂಬಿದ ತಾಮ್ರದ ಬಿಂದಿಗೆ ತಂದು ಮುಂದಿನ ಸೀಟಿನಲ್ಲಿಟ್ಟರು. "ಒಂದ್ ಸುತ್ತು ಹೋಗ್ಬನ್ನಿ ಸಾಬ್ರೇ. ಸೀಟು ಒದ್ದೆ ಆಗ್ದಿದ್ರೆ ನಾಳೆ ಹೊರಡ್ತೀನಿ." ಸಾಬರು ಬಸ್‌ಸ್ಟ್ಯಾಂಡಿನವರೆಗೆ ಹೋಗಿ ಬಂದರು. ಸೀಟಷ್ಟೇ ಏನು, ಸಾಬರ ಪೈಜಾಮವೂ ಒದ್ದೆ! "ತೌಬಾ! ಇದು ಗಾಡಿ ಡಾಕ್ಟ್ರೇ, ತೊಟ್ಟಿಲಲ್ಲ" ಎಂದು ಪೈಜಾಮ ಹಿಂಡಿಕೊಂಡು ಸಿರಾ ಬಸ್ಸು ಹತ್ತಿದರು.

ಅಂದಿನಿಂದ ಮಾವ ಚಕ್ರಗಳ ಮೇಲಿನ ಸ್ಪ್ರಿಂಗ್ ಪ್ಲೇಟುಗಳನ್ನು ಬಿಚ್ಚುವುದು, ಕುಲುಕಾಟ ತಗ್ಗಲೆಂದು ದಪ್ಪದ್ದು ತೆಗೆದು ತೆಳುವಿನದು ಸೇರಿಸುವುದು, ಬಿಂದಿಗೆಯೊಡನೆ ಊರು ಸುತ್ತಿ ಬರುವುದು. "ಹೆಂಡ್ತೀನ ಮನೇಲಿ ಬುಟ್ಟು ಬಿಂದಿಗೇನ ಮೆರವಣಿಗೆ ಮಾಡ್ತಾವ್ರೆ ಕಣಮ್ಮ" ಎಂದು ಪಕ್ಕದ ಮನೆಯಾಕೆ ಬಂದು ಅತ್ತೆಗೆ ಹೇಳಿ ನಕ್ಕಳು. ಅತ್ತೆ ನಗಲಿಲ್ಲ. ಮುದುಕಿಗೆ ಒಂದು ಕಣ್ಣು ಪೂರ್ತಿ ಹೋಯಿತೆಂದು ಅಂದೇ ತವರಿನಿಂದ ಕಾಗದ ಬಂದಿತ್ತು. ಅತ್ತೆ ನೆಟ್ಟಗೆ ಪಾದಗಳ ಬಳಿ ಹೋಗಿ ನಿಂತರು.

"ಈ ಭಾನುವಾರ ನಾನು ಬಸ್ಸಲ್ಲೇ ಹೊಂಟೆ. ನೀವೂ ನಿಮ್ ಬಿಂದಿಗೇನೂ ಸುಖವಾಗಿರ್ರಿ!"

ಮಾವ ಈಚೆಗೆ ಬಂದರು. ಪೂರ್ತಿ ಈಚೆಗೆ ಬಂದರು!

ಭಾನುವಾರ ಬೆಳಿಗ್ಗೆ ಹೊರಟೆವು. ಮುಂದೆ ಅವರಿಬ್ಬರು, ಹಿಂದೆ ನಾನು. ಮಾವ ಎಷ್ಟು ನಿಧಾನ ಓಡಿಸಿದರೆಂದರೆ, ಮಿಡಿಗೇಶಿ ದಾಟಿದ ಮೇಲೆ ಒಂದು ಕುರಿ ಮಂದೆ ನಮ್ಮನ್ನು ಹಿಂದೆ ಹಾಕಿತು. ಕುರಿಯವನು ಕಿಟಕಿಗೆ ಬಗ್ಗಿ, "ಗಾಡಿ ಕೆಟ್ಟೋಗೈತಾ ಸಾಮಿ? ತಳ್ಳಾನಾ?" ಎಂದು ಕೇಳಿದ. ಪ್ರತಿ ಗುಂಡಿಗೂ ಮಾವ "ನೋಯ್ತಾ?" ಎನ್ನುವರು. "ಇಲ್ಲ ಕಣ್ರೀ, ಉಯ್ಯಾಲೆ ಮೇಲೆ ಕುಂತಂಗೈತೆ" ಎಂದು ಅತ್ತೆ ನಗುವರು. ತವರಿನ ಕಥೆ, ಮದುವೆಯ ಕಥೆ, ಏನೇನೋ ಹೇಳಿಕೊಂಡು ನಗುವರು. ಮರಳಿನ ಹಳ್ಳದಲ್ಲಿ ಗಾಡಿ ಎಡಕ್ಕೆ ಬಲಕ್ಕೆ ವಾಲಿದಾಗ, ಬಾಗಿಲ ಹಿಡಿಯನ್ನು ಹಿಡಿದ ಅತ್ತೆಯ ಬೆರಳುಗಳು ಬೆಳ್ಳಗಾದದ್ದು ಹಿಂದೆ ಕೂತ ನನಗೆ ಕಂಡಿತು. ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಿರುಗಿ ಒಂದು ನೋಟ ನೋಡಿದರು. ಬಾಯಿ ಮುಚ್ಚಿಕೊಂಡೆ.

ಮುದುಕಿ ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದು, ಉಳಿದ ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ತೆಲುಗಿನಲ್ಲಿ, ಸೊರಗಿದ್ದೀಯಲ್ಲೇ ತಾಯಿ ಎಂದರು. ಎರಡು ವರ್ಷ ಒಂದೇ ಮನೆಯಲ್ಲಿ ಉಂಡ ನಮಗೆ ಅತ್ತೆ ಸೊರಗಿದ್ದು ಕಂಡೇ ಇರಲಿಲ್ಲ. ಮಾರನೆಯ ದಿನ ಸೋಮವಾರ, ಗಾಡಿಗೆ ರಜೆ! ಹಾಗಾಗಿ ತಾಯಿ ಮಗಳಿಗೆ ಇನ್ನೊಂದು ದಿನ ಸಿಕ್ಕಿತು. ಕೋರ್ಟಿನ ರಜಾ ಅರ್ಜಿಯಲ್ಲಿ ಕಾರಣ ಏನೆಂದು ಬರೆಯಲಿ ಎಂಬ ಚಿಂತೆ ನನಗೊಬ್ಬನಿಗೆ. ಮಂಗಳವಾರ ಹಿಂದಿರುಗಿದೆವು. ದಾರಿಯುದ್ದಕ್ಕೂ ಅದೇ "ನೋಯ್ತಾ?", ಅದೇ ನಗು.

ಬುಧವಾರ ಬೆಳಿಗ್ಗೆ ಎದ್ದು ನೋಡಿದರೆ ಗಾಡಿಯ ಸ್ಪ್ರಿಂಗುಗಳೆಲ್ಲ ಬಿಚ್ಚಿ ಗೋಣಿಚೀಲದ ಮೇಲೆ ಮಲಗಿವೆ! ನನಗೆ ಸಿಟ್ಟು ಬಂತು. "ಇದೇನು ಮಾವ? ಹೋಗಿ ಬಂದದ್ದಾಯಿತಲ್ಲ! ಅತ್ತೆಗೆ ಏನೂ ಆಗಲಿಲ್ಲವಲ್ಲ!"

ಪಾದಗಳು ಇನ್ನೊಂದು ಗೇಣು ಒಳಕ್ಕೆ ಸರಿದವು.

"ಹೋಗ್ತಾ ಬರ್ತಾ ದಾರಿ ಪೂರ್ತಿ ನಗ್ತಾ ನಗ್ತಾ ಮಾತಾಡಿದ್ಲು ಕಣ್ಲಾ. ನೋವಿಲ್ದಿದ್ರೆ ನನ್ನ ಬೈದೇ ಬೈತಿದ್ಲು."

ಇವರ ಕಥೆ ಹೇಳಿ ಕೋರ್ಟಿನಲ್ಲಿ ಎಷ್ಟು ಜನರನ್ನು ನಗಿಸಿದ್ದೆನೋ!

"ಅವ್ಳಿಗೆ ಏನೂ ಹೇಳ್ಬ್ಯಾಡ. ನಂಗೆ ಗೊತ್ತಾಗ್ಲಿಲ್ಲ ಅಂತ್ಲೇ ಅನ್ಕಂಡಿರ್ಲಿ" ಎಂದರು ಮಾವ. ಆಮೇಲೆ ಗ್ರೀಸಿನ ಕೈಯೊಂದು ಗಾಡಿಯಡಿಯಿಂದ ಈಚೆಗೆ ಚಾಚಿತು. "ಮುದುಕೀಗೆ ಇನ್ನೂ ಒಂದ್ ಕಣ್ಣೈತೆ ಕಣ್ಲಾ. ಆ ಸ್ಪ್ಯಾನರ್ ಕೊಡು."

ಕೊಟ್ಟೆ. ಪಂಚೆ ಎತ್ತಿ ಕಟ್ಟಿಕೊಂಡು ನಾನೂ ಗಾಡಿಯ ಅಡಿಗೆ ನುಗ್ಗಿದೆ.